ಬಾಡಿಗೆ ಗಿರಾಕಿ, ಸ್ವಂತ ಗಿರಾಕಿ: ಸಣ್ಣ ವ್ಯಾಪಾರದ ಹಣ ಎಲ್ಲಿ ಸೋರುತ್ತಿದೆ?

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತುಹೋದವು. ಇಡೀ ಜಗತ್ತಿನಲ್ಲಿ, ಸುಮಾರು ಆರು ಗಂಟೆ ಕಾಲ. ಕಂಪನಿಯ ಒಳಗಿನ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವಾಗ ಆದ ತಪ್ಪು ಅದು. ಹೆಚ್ಚಿನವರಿಗೆ ಅದೊಂದು ಕಿರಿಕಿರಿ ಅಷ್ಟೇ. ಆದರೆ ಫೋಟೋ ತೋರಿಸುವುದು, ಆರ್ಡರ್ ತಗೊಳ್ಳುವುದು, ಗಿರಾಕಿ ಜೊತೆ ಮಾತಾಡುವುದು ಎಲ್ಲವನ್ನೂ ಆ ಮೂರರಲ್ಲೇ ಮಾಡುತ್ತಿದ್ದ ಸಣ್ಣ ವ್ಯಾಪಾರಿಗೆ ಆ ಆರು ಗಂಟೆ ಅಂಗಡಿಗೆ ಬೀಗ ಹಾಕಿದ ಹಾಗಿತ್ತು. ಕೀಲಿ ಮಾತ್ರ ಅವರ ಹತ್ತಿರ ಇರಲಿಲ್ಲ.

ಸಂಜೆಯೋ ಮರುದಿನವೋ ಎಲ್ಲ ಸರಿಹೋಯಿತು, ಜನ ಮರೆತರು. ನನಗೆ ಮಾತ್ರ ಆ ದಿನ ಮರೆಯುವುದಿಲ್ಲ. ಯಾಕೆಂದರೆ ಅವತ್ತು ಆರು ಗಂಟೆಯಲ್ಲಿ ಆದದ್ದು ಉಳಿದ ದಿನಗಳಲ್ಲಿ ನಿಧಾನವಾಗಿ, ಯಾರಿಗೂ ಗೊತ್ತಾಗದ ಹಾಗೆ ನಡೆಯುತ್ತಲೇ ಇದೆ. ವ್ಯಾಪಾರ ನಮ್ಮದು, ಬಂಡವಾಳ ನಮ್ಮದು, ಬೆವರು ನಮ್ಮದು. ಗಿರಾಕಿ ಮಾತ್ರ ಬಾಡಿಗೆಗೆ ತಂದವರು. ಬಾಡಿಗೆ ಕಟ್ಟುವುದು ನಿಲ್ಲಿಸಿದರೆ ಅವರೂ ಇಲ್ಲ.

ಸಣ್ಣ ವ್ಯಾಪಾರ ಮಾಡುವವರು ಮಾರ್ಕೆಟಿಂಗ್ ಬಗ್ಗೆ ಮೊದಲು ಕೇಳುವುದು "ಇನ್ನೂ ಜಾಸ್ತಿ ಜನರಿಗೆ ಹೇಗೆ ತಲುಪೋದು" ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಒಬ್ಬ ಗಿರಾಕಿ ಬಂದು ಹೋದರೆ ನಿಮ್ಮ ಕೈಯಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂಬುದು ಮೊದಲನೆಯದು. ಅವರು ಮತ್ತೆ ಬರುತ್ತಾರಾ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಜಾಹೀರಾತಿಗೆ ದುಡ್ಡು ಹಾಕುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ. ಎಷ್ಟು ಸಲ ಹೊತ್ತರೂ ಕೊಡ ತುಂಬುವುದಿಲ್ಲ, ಸೊಂಟ ಮಾತ್ರ ನೋಯುತ್ತದೆ.

ನೆಲ ಅವರದು, ನಿಯಮವೂ ಅವರದೇ

ವ್ಯಾಪಾರಿಗಳಿಗೆ ಫೇಸ್‌ಬುಕ್ ಪೇಜ್ ಸಿಕ್ಕಿದ್ದು 2007ರ ನವೆಂಬರ್‌ನಲ್ಲಿ. ಮೊದಲ ಕೆಲವು ವರ್ಷ ಅದು ನಿಜಕ್ಕೂ ಒಳ್ಳೆಯ ಅವಕಾಶವೇ ಆಗಿತ್ತು. ಪೇಜ್ ಲೈಕ್ ಮಾಡಿದವರಲ್ಲಿ ಸಾಕಷ್ಟು ಜನರಿಗೆ ನೀವು ಹಾಕಿದ ಪೋಸ್ಟ್ ಪುಕ್ಕಟೆಯಾಗಿ ಕಾಣುತ್ತಿತ್ತು. ಅದಕ್ಕೇ ಎಷ್ಟೋ ವ್ಯಾಪಾರಿಗಳು ದುಡ್ಡು ಕೊಟ್ಟು ಲೈಕ್ ಕೂಡಿಸಿದರು. ಆಮೇಲೆ ಪೋಸ್ಟ್ ಹಾಕುವವರು ಹೆಚ್ಚಾದರು, ಒಬ್ಬೊಬ್ಬರ ಪೋಸ್ಟ್ ಕಾಣುವುದು ಕಡಿಮೆಯಾಯಿತು. 2018ರ ಜನವರಿಯಲ್ಲಿ ಕಂಪನಿ ನೇರವಾಗಿಯೇ ಹೇಳಿತು: ಇನ್ನು ಮುಂದೆ ಗೆಳೆಯರು ಮತ್ತು ಮನೆಯವರ ಪೋಸ್ಟ್‌ಗಳಿಗೆ ಮೊದಲ ಜಾಗ, ವ್ಯಾಪಾರಿಗಳ ಮತ್ತು ಪತ್ರಿಕೆಗಳ ಪೋಸ್ಟ್ ಕಡಿಮೆ ಕಾಣುತ್ತವೆ. ವರ್ಷಗಟ್ಟಲೆ ಕೂಡಿಸಿದ ಲೈಕ್‌ಗಳ ಬೆಲೆ ಒಂದೇ ತೀರ್ಮಾನದಲ್ಲಿ ಇಳಿದುಹೋಯಿತು. ಇದರಲ್ಲಿ ಮೋಸ ಏನೂ ಇಲ್ಲ. ನೆಲ ಅವರದು, ನಿಯಮ ಬದಲಿಸುವ ಹಕ್ಕೂ ಅವರದು.

ದುಡ್ಡು ಕೊಟ್ಟು ಹಾಕುವ ಜಾಹೀರಾತಿನ ಕತೆ ಸ್ವಲ್ಪ ಬೇರೆ. ಅಲ್ಲಿ ದರಪಟ್ಟಿ ಇಲ್ಲ, ಹರಾಜು ಇದೆ. ಯಾರೋ ಒಬ್ಬರು ಫೋನ್ ತೆರೆದು ಪುಟ ಎಳೆಯುತ್ತಿರುವಾಗ, ಆ ಒಂದು ಜಾಗಕ್ಕೆ ಯಾರ ಜಾಹೀರಾತು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ನಡೆದುಹೋಗುತ್ತದೆ. ಯಾರು ಜಾಸ್ತಿ ಕೂಗಿದರು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಮನುಷ್ಯ ಈ ಜಾಹೀರಾತನ್ನು ಒತ್ತುವ ಸಾಧ್ಯತೆ ಎಷ್ಟು, ಜಾಹೀರಾತು ಹೇಗಿದೆ ಎಂಬುದನ್ನೂ ಸೇರಿಸುತ್ತಾರೆ. ಹಾಗಾಗಿ ಸ್ಪಷ್ಟವಾದ, ನೋಡಬೇಕು ಅನ್ನಿಸುವ ಜಾಹೀರಾತು ಮಾಡಿದ ಸಣ್ಣವರು ಒಮ್ಮೊಮ್ಮೆ ದೊಡ್ಡವರನ್ನೂ ಹಿಂದೆ ಹಾಕಬಹುದು. ಇದು ಒಳ್ಳೆಯ ಸುದ್ದಿ. ಆದರೆ ನಿಮಗೆ ಬೇಕಾದ ಜನರೇ ಬೇಕು ಅನ್ನುವ ದೊಡ್ಡ ಜೇಬಿನ ಕಂಪನಿಯೊಂದು ನಾಳೆ ಅದೇ ಹರಾಜಿಗೆ ಬಂದರೆ, ನೀವು ಏನೂ ತಪ್ಪು ಮಾಡದೆಯೇ ನಿಮ್ಮ ಖರ್ಚು ಏರುತ್ತದೆ. ತಡೆಯಲು ಆಗುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಐಫೋನಿನ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಐಒಎಸ್ 14.5 ಬಂದ ಮೇಲೆ, ಬೇರೆ ಬೇರೆ ಆ್ಯಪ್‌ಗಳಲ್ಲಿ ಒಬ್ಬರು ಏನು ಮಾಡುತ್ತಾರೆ ಎಂದು ಹಿಂಬಾಲಿಸುವ ಮೊದಲು ಆ್ಯಪ್ ಅವರ ಒಪ್ಪಿಗೆ ಕೇಳಲೇಬೇಕಾಯಿತು. ತುಂಬಾ ಜನ ಬೇಡ ಅಂದರು. ಜನರ ಖಾಸಗಿತನದ ದೃಷ್ಟಿಯಿಂದ ಅದು ಸರಿ, ನಾನೂ ಬೇಡ ಅಂದವನೇ. ಆದರೆ ಇದರಿಂದ 2022ರ ಆದಾಯಕ್ಕೆ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಬಹುದು ಎಂದು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2022ರ ಫೆಬ್ರವರಿಯಲ್ಲಿ ಹೇಳಿತು. ಅಷ್ಟು ದೊಡ್ಡ ಕಂಪನಿಗೇ ಹಾಗಾದರೆ, "ಇಂಥ ವಯಸ್ಸಿನ, ಇಂಥದ್ದನ್ನೇ ಹುಡುಕುತ್ತಿರುವ ಐನೂರು ಜನಕ್ಕೆ ಮಾತ್ರ ತೋರಿಸಿ" ಎಂದು ನಂಬಿ ದುಡ್ಡು ಹಾಕುತ್ತಿದ್ದ ಸಣ್ಣ ವ್ಯಾಪಾರಿಯ ಪಾಡು ಏನಾಗಿರಬೇಕು ಯೋಚಿಸಿ. ಜಾಹೀರಾತು ಹೋಗುತ್ತಲೇ ಇತ್ತು. ಸರಿಯಾದವರಿಗೆ ಹೋಗುತ್ತಿದೆಯಾ, ಯಾವುದರಿಂದ ಯಾರು ಬಂದರು ಎಂಬುದು ಮಸುಕಾಯಿತು.

ಹುಡುಕಾಟದ ಕಡೆಯೂ ನೆಲ ಅಲುಗಾಡುತ್ತಿದೆ. 2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಿಂದ ಶುರುಮಾಡಿ ತನ್ನ ಫಲಿತಾಂಶಗಳ ತಲೆಯ ಮೇಲೆ ಎಐ ಬರೆದ ಉತ್ತರ ತೋರಿಸತೊಡಗಿತು. ಉತ್ತರ ಅಲ್ಲೇ ಸಿಕ್ಕರೆ ಕೆಳಗಿರುವ ವೆಬ್‌ಸೈಟ್‌ಗೆ ಯಾಕೆ ಹೋಗುತ್ತಾರೆ ಅಲ್ವಾ? ಹಾಗಾಗಿ ಸುಮ್ನೆ ಲೇಖನಗಳನ್ನು ಬರೆದು ತುಂಬಿ ಜನರನ್ನು ಎಳೆಯುವ ದಾರಿ ಈಗ ಮೊದಲಿನಷ್ಟು ನಂಬುವಂಥದ್ದಲ್ಲ. ಹತ್ತಿರದ ಜನರಿಗೆ ಮಾರುವವರಾದರೆ, ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಯಾಗಿ ತುಂಬಿಡಿ. ತೆರೆಯುವ ಸಮಯ, ಫೋನ್ ನಂಬರ್, ಈಗಿನ ಫೋಟೋ, ನೀವು ನಿಜಕ್ಕೂ ಮಾಡುವ ಕೆಲಸಗಳ ಪಟ್ಟಿ. ಇದು ಉಚಿತ, ಒಂದು ಮಧ್ಯಾಹ್ನದ ಕೆಲಸ. ಹತ್ತು ಲೇಖನಕ್ಕಿಂತ ಇದರಿಂದ ಜಾಸ್ತಿ ಉಪಯೋಗ.

ಹಾಗಂತ ಈ ಜಾಗಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸಬರು ಸಿಗುವುದು ಅಲ್ಲೇ. ಅಲ್ಲಿಂದ ಬಂದವರನ್ನು ಪ್ರತಿ ಸಲ ಅಲ್ಲಿಂದಲೇ ಮತ್ತೆ ಕೊಂಡು ತರಬೇಡಿ ಅಷ್ಟೇ.

ಮೂರು ಪಟ್ಟು ಬಂತು ಅಂದರೆ ಲಾಭವಾ?

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ಹಣ ಸೋರುವುದು ಇಲ್ಲೇ.

ಜಾಹೀರಾತಿನ ಡ್ಯಾಶ್‌ಬೋರ್ಡ್ ತೆರೆದರೆ ದೊಡ್ಡ ಅಕ್ಷರದಲ್ಲಿ ಕಾಣುವುದು "ಹಾಕಿದ್ದರ ಮೂರು ಪಟ್ಟು ಬಂತು" ಎಂಬಂಥ ಅಂಕಿ. ಕೇಳಲು ಚೆನ್ನಾಗಿದೆ. ಆದರೆ ಬಂದದ್ದು ವ್ಯಾಪಾರ, ಲಾಭ ಅಲ್ಲ. ನೀವು 100ಕ್ಕೆ ಮಾರುವ ವಸ್ತುವಿನಲ್ಲಿ ಅಸಲು, ಪ್ಯಾಕಿಂಗ್, ಸಾಗಾಟ, ಪಾವತಿ ಶುಲ್ಕ ಎಲ್ಲ ಕಳೆದು ಉಳಿಯುವುದು 30 ಎಂದುಕೊಳ್ಳಿ. ಜಾಹೀರಾತಿಗೆ 100 ಹಾಕಿದಿರಿ, 300ರ ವ್ಯಾಪಾರ ಬಂತು. ಅದರಲ್ಲಿ ಉಳಿದದ್ದು 90. ಅಂದರೆ ಮೂರು ಪಟ್ಟು ಬಂದರೂ 10 ಕೈಬಿಟ್ಟಿತು, ಬಾಡಿಗೆ ಮತ್ತು ಸಂಬಳ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ನಿಮ್ಮ ಗಡಿ ಯಾವುದು ಎಂದು ತಿಳಿಯಲು 100ನ್ನು ನಿಮಗೆ ಉಳಿಯುವ ಮೊತ್ತದಿಂದ ಭಾಗಿಸಿ. 50 ಉಳಿಯುವವರಿಗೆ ಎರಡು ಪಟ್ಟು ಬಂದರೆ ಸಮ, 40 ಉಳಿಯುವವರಿಗೆ ಎರಡೂವರೆ, 30 ಉಳಿಯುವವರಿಗೆ ಸುಮಾರು 3.3 ಪಟ್ಟು. ಬೇರೆಯವರು "ನನಗೆ ಎರಡೂವರೆ ಪಟ್ಟು ಬರ್ತಿದೆ" ಅಂದದ್ದನ್ನು ಕೇಳಿ ನಿಮ್ಮದಕ್ಕೆ ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅವರಿಗೆ ಉಳಿಯುವುದು ಎಷ್ಟು, ನಿಮಗೆ ಉಳಿಯುವುದು ಎಷ್ಟು, ಅದು ಬೇರೆ ಬೇರೆ.

ಮೊದಲ ಮಾರಾಟದಲ್ಲಿ ಸ್ವಲ್ಪ ನಷ್ಟವಾದರೂ ಪರವಾಗಿಲ್ಲ, ಆದರೆ ಒಂದು ಷರತ್ತಿದೆ. 40 ಉಳಿಯುವ ವ್ಯಾಪಾರದಲ್ಲಿ ಒಬ್ಬ ಹೊಸ ಗಿರಾಕಿಯನ್ನು ತರಲು 50 ಖರ್ಚಾದರೆ ಮೊದಲ ಸಲ 10 ನಷ್ಟ. ಅದೇ ಮನುಷ್ಯ ಎರಡನೇ ಸಲ ತಾನಾಗಿಯೇ ಬಂದರೆ ಒಟ್ಟು 30 ಲಾಭ, ಮೂರನೇ ಸಲಕ್ಕೆ 70. ಎರಡನೇ ಸಲವೂ ಜಾಹೀರಾತಿಗೆ 50 ಕೊಟ್ಟೇ ಅವರನ್ನು ಕರೆತಂದರೆ ನಷ್ಟ 20. ಮನುಷ್ಯ ಅವರೇ, ವಸ್ತು ಅದೇ, ಬೆಲೆಯೂ ಅದೇ. ಎರಡನೇ ಸಲ ಅವರು ಯಾವ ದಾರಿಯಲ್ಲಿ ಬಂದರು ಎಂಬುದರ ಮೇಲೆ ವ್ಯಾಪಾರ ಉಳಿಯುತ್ತದೋ ಮುಳುಗುತ್ತದೋ ತೀರ್ಮಾನವಾಗುತ್ತದೆ.

ಇನ್ನೊಂದು ವಿಷಯ. ಹೇಗೂ ಬರಲಿದ್ದವರನ್ನೂ ಡ್ಯಾಶ್‌ಬೋರ್ಡ್ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಇದನ್ನು ಚೆನ್ನಾಗಿ ತೋರಿಸಿದ್ದು ಆನ್‌ಲೈನ್ ಮಾರಾಟ ತಾಣ ನಡೆಸುವ ಇಬೇ ಕಂಪನಿಯಲ್ಲಿ 2012ರಲ್ಲಿ ನಡೆದ ಒಂದು ಪ್ರಯೋಗ. "ಇಬೇ" ಎಂದು ಹೆಸರು ಹಾಕಿ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಅವರು ಕೆಲಕಾಲ ನಿಲ್ಲಿಸಿ ನೋಡಿದರು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಶೇ. 99.5ರಷ್ಟು ಜನ ಅದರ ಕೆಳಗಿದ್ದ ಪುಕ್ಕಟೆ ಕೊಂಡಿ ಒತ್ತಿ ಬಂದೇ ಬಂದರು! ಹೆಸರು ಗೊತ್ತಿದ್ದವರನ್ನು ಕರೆಯಲು ಅಷ್ಟು ದಿನ ದುಡ್ಡು ಕೊಡುತ್ತಿದ್ದರು. ಬೇರೆ ಪದಗಳ ಜಾಹೀರಾತುಗಳನ್ನೂ ಅದೇ ತಂಡ ಪರೀಕ್ಷಿಸಿತು. ಹೊಸಬರ ಮೇಲೆ ಮತ್ತು ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು, ಆಗಾಗ ಕೊಳ್ಳುವವರ ಮೇಲೆ ಇಲ್ಲ.

ಸಣ್ಣ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ ಎಂದೇ ನನ್ನ ನಂಬಿಕೆ. ಜಾಹೀರಾತು ಹೊಸಬರಿಗೆ ಮಾತ್ರ ಇರಲಿ. ಈಗಾಗಲೇ ಕೊಂಡವರನ್ನು ಜಾಹೀರಾತಿನ ಪಟ್ಟಿಯಿಂದ ಹೊರಗಿಡುವ ಸೌಲಭ್ಯ ಹೆಚ್ಚಿನ ಕಡೆ ಇದೆ, ಬಳಸಿ. ಬಂದ ಹೊಸಬರನ್ನೆಲ್ಲ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು" ಎಂದು ಬಾಯಿಬಿಟ್ಟು ಕೇಳಿ ಬರೆದಿಡಿ. ತಿಂಗಳಿಗೆ ಮೂವತ್ತು ಹೊಸಬರಷ್ಟೇ ಬರುವ ವ್ಯಾಪಾರದಲ್ಲಿ ಈ ಒಂದು ಪ್ರಶ್ನೆ ಯಾವ ಸಾಫ್ಟ್‌ವೇರ್‌ಗಿಂತಲೂ ಹೆಚ್ಚು ಹೇಳುತ್ತದೆ.

ಡಿಸ್ಕೌಂಟ್ ಕೊಡುವ ಮೊದಲು

ವ್ಯಾಪಾರ ಸ್ವಲ್ಪ ತಣ್ಣಗಾದರೆ ಸಾಕು, ಕೈ ಮೊದಲು ಹೋಗುವುದು ಬೆಲೆ ಇಳಿಸಲು. ಸುಲಭ, ತಕ್ಷಣ ಮಾಡಬಹುದು, ಜನವೂ ಬರುತ್ತಾರೆ. ಆದರೆ ಶೇ. 10 ಡಿಸ್ಕೌಂಟ್ ಎಂದರೆ ಲಾಭದಲ್ಲಿ ಶೇ. 10 ಕಡಿಮೆ ಎಂದು ತಿಳಿದವರು ತುಂಬಾ ಜನ. ಹಾಗಲ್ಲ. 100ಕ್ಕೆ ಮಾರುವ ವಸ್ತುವಿನ ಅಸಲು 60 ಇದ್ದರೆ ಉಳಿಯುವುದು 40. ಬೆಲೆ 90ಕ್ಕೆ ಇಳಿಸಿದರೆ ಅಸಲು ಇಳಿಯುವುದಿಲ್ಲ, ಉಳಿಯುವುದು 30. ಲಾಭದ ಕಾಲು ಭಾಗ ಹೋಯಿತು. ಮೊದಲಿನಷ್ಟೇ ದುಡ್ಡು ಉಳಿಯಬೇಕೆಂದರೆ ಶೇ. 33 ಜಾಸ್ತಿ ಮಾರಬೇಕು. ಶೇ. 20 ಕೊಟ್ಟರೆ ಎರಡರಷ್ಟು ಮಾರಬೇಕು. 30 ಮಾತ್ರ ಉಳಿಯುವ ವ್ಯಾಪಾರವಾದರೆ ಶೇ. 10 ಕೊಟ್ಟಾಗಲೇ ಒಂದೂವರೆ ಪಟ್ಟು ಮಾರಬೇಕು. ಅಷ್ಟು ಮಾರಲು ಬೇಕಾದ ಕೈಗಳು, ಜಾಗ, ಸಮಯ ನಿಮ್ಮ ಹತ್ತಿರ ಇದೆಯಾ?

ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಬೆಲೆ 100ರಿಂದ 110 ಮಾಡಿದರೆ ಉಳಿಯುವುದು 50. ಐವರಲ್ಲಿ ಒಬ್ಬ ಗಿರಾಕಿ ಬೆಲೆ ಜಾಸ್ತಿ ಆಯಿತೆಂದು ಬಿಟ್ಟುಹೋದರೂ ನಿಮ್ಮ ಕೈಯಲ್ಲಿ ಉಳಿಯುವುದು ಮೊದಲಿನಷ್ಟೇ, ಕೆಲಸ ಮಾತ್ರ ಐದನೇ ಒಂದು ಭಾಗ ಕಡಿಮೆ. ಎಲ್ಲರೂ ನಾಳೆಯೇ ಬೆಲೆ ಏರಿಸಿ ಎಂದು ಇದರ ಅರ್ಥ ಅಲ್ಲ. ಒಂದು ವಸ್ತುವಿಗೆ, ಒಂದು ಸೇವೆಗೆ, ಹೊಸ ಗಿರಾಕಿಗಳಿಗೆ ಮಾತ್ರ ಮಾಡಿ ನೋಡಬಹುದು. ಬೆಲೆ ಏರಿಸಲು ಹೆದರುವವರು ಬೆಲೆ ಇಳಿಸಲು ಅಷ್ಟೇ ಹೆದರಬೇಕು ಎಂಬುದು ನನ್ನ ಮಾತು. ನಿಜ ಹೇಳಬೇಕೆಂದರೆ ಇಳಿಸುವುದೇ ಹೆಚ್ಚು ಅಪಾಯ, ಯಾಕೆಂದರೆ ಇಳಿಸಿದ್ದನ್ನು ಮತ್ತೆ ಏರಿಸುವುದು ತುಂಬಾ ಕಷ್ಟ.

ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ಜೆಸಿ ಪೆನ್ನಿ ಮಳಿಗೆಗಳ ಕತೆ ಇದೆ. ವರ್ಷವಿಡೀ ಕೂಪನ್, ಸೇಲ್ ಎಂದೇ ಅಲ್ಲಿ ವ್ಯಾಪಾರ ನಡೆಯುತ್ತಿತ್ತು. ಆಪಲ್ ಮಳಿಗೆಗಳನ್ನು ಕಟ್ಟಿ ಹೆಸರು ಮಾಡಿದ್ದ ರಾನ್ ಜಾನ್ಸನ್ 2011ರ ಕೊನೆಯಲ್ಲಿ ಅದರ ಮುಖ್ಯಸ್ಥರಾಗಿ ಬಂದರು. ಈ ಕೂಪನ್ ಆಟ ಸಾಕು, ಎಲ್ಲ ದಿನವೂ ಒಂದೇ ನ್ಯಾಯದ ಬೆಲೆ ಎಂದು 2012ರಲ್ಲಿ ಘೋಷಿಸಿದರು. ಆಲೋಚನೆ ಪ್ರಾಮಾಣಿಕವಾದದ್ದೇ. ಆದರೆ ಆ ವರ್ಷ ಮಾರಾಟ ಸುಮಾರು 1,726 ಕೋಟಿ ಡಾಲರ್‌ನಿಂದ 1,299 ಕೋಟಿಗೆ ಕುಸಿಯಿತು, ಹತ್ತಿರ ಹತ್ತಿರ ಕಾಲು ಭಾಗ. 2013ರ ಏಪ್ರಿಲ್‌ನಲ್ಲಿ ಅವರು ಹೊರಗೆ ಹೋಗಬೇಕಾಯಿತು, ಕೂಪನ್‌ಗಳು ವಾಪಸ್ ಬಂದವು. ಡಿಸ್ಕೌಂಟ್ ಇದ್ದಾಗ ಮಾತ್ರ ಕೊಳ್ಳಬೇಕು ಎಂದು ಗಿರಾಕಿಗೆ ವರ್ಷಗಟ್ಟಲೆ ಕಲಿಸಿದವರು ಆ ಪಾಠವನ್ನು ಒಂದು ದಿನದಲ್ಲಿ ಮರೆಸಲು ಆಗಲಿಲ್ಲ.

ಸಣ್ಣವರಿಗೆ ಇನ್ನೂ ಹತ್ತಿರದ ಉದಾಹರಣೆ ಗ್ರೂಪಾನ್. 2008ರಲ್ಲಿ ಶುರುವಾದ, ಆನ್‌ಲೈನ್‌ನಲ್ಲಿ ಡಿಸ್ಕೌಂಟ್ ಕೂಪನ್ ಮಾರುವ ಈ ಕಂಪನಿಯ ಮಾಮೂಲು ಡೀಲ್ ಹೀಗಿತ್ತು: ವ್ಯಾಪಾರಿ ಅರ್ಧ ಬೆಲೆಗೆ ಕೊಡಬೇಕು, ಬಂದ ಅರ್ಧದಲ್ಲಿ ಸುಮಾರು ಅರ್ಧ ಗ್ರೂಪಾನ್‌ಗೆ. ಅಂದರೆ 100ರ ವಸ್ತುವಿಗೆ ವ್ಯಾಪಾರಿಗೆ ಸಿಗುವುದು 25. ರೈಸ್ ವಿಶ್ವವಿದ್ಯಾಲಯದ ಉತ್ಪಲ್ ಧೋಲಾಕಿಯಾ 2010ರಲ್ಲಿ ಹೀಗೆ ಡೀಲ್ ಕೊಟ್ಟಿದ್ದ 150 ವ್ಯಾಪಾರಗಳನ್ನು ವಿಚಾರಿಸಿದರು. ಶೇ. 66 ಜನ ಲಾಭವಾಯಿತು ಅಂದರು, ಶೇ. 32 ಜನ ಇಲ್ಲ ಅಂದರು. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ ಅಂಶ. ಡೀಲ್ ಯಶಸ್ವಿಯಾಗುತ್ತದೆಯೇ ಎಂಬುದಕ್ಕೆ ಎಲ್ಲಕ್ಕಿಂತ ಹತ್ತಿರದ ಸಂಬಂಧ ಕಂಡದ್ದು ಕೆಲಸಗಾರರ ತೃಪ್ತಿಗೆ. ಒಮ್ಮೆಲೆ ನುಗ್ಗಿದ ಜನರನ್ನು ನಗುಮುಖದಿಂದ ನೋಡಿಕೊಳ್ಳುವ ಶಕ್ತಿ ಅಂಗಡಿಯ ಹುಡುಗ ಹುಡುಗಿಯರಲ್ಲಿ ಇದ್ದರೆ ಬಂದವರು ಮತ್ತೆ ಬರುತ್ತಾರೆ. ಅವರು ಸುಸ್ತಾಗಿ ಸಿಡುಕಿದರೆ ಹೊಸಬರ ಜೊತೆ ಹಳಬರೂ ಹೋಗುತ್ತಾರೆ. ಆಫರ್ ಇಡುವ ಮೊದಲು ಕೌಂಟರಿನ ಹಿಂದೆ ನಿಲ್ಲುವವರನ್ನು ಕೇಳುವ ಮಾಲೀಕರು ಎಷ್ಟು ಜನ?

ಕೊಡಲೇಬೇಕಾದರೆ ಒಂದು ಕಾರಣ ಇಟ್ಟು ಕೊಡಿ. ಮುಂಗಡ ಹಣ ಕೊಟ್ಟವರಿಗೆ, ಜನವಿಲ್ಲದ ಹೊತ್ತಿನಲ್ಲಿ ಬಂದವರಿಗೆ, ಒಟ್ಟಿಗೆ ಹೆಚ್ಚು ಕೊಂಡವರಿಗೆ. ಆಗ ನಿಮಗೂ ಏನೋ ಸಿಗುತ್ತದೆ, ಮಾಮೂಲು ಬೆಲೆಯ ಮರ್ಯಾದೆಯೂ ಉಳಿಯುತ್ತದೆ.

ನಿಮ್ಮದೇ ಪಟ್ಟಿ

ಬಾಡಿಗೆ ಗಿರಾಕಿಯನ್ನು ಸ್ವಂತ ಗಿರಾಕಿ ಮಾಡುವುದು ಎಂದರೆ ದೊಡ್ಡ ತಂತ್ರಜ್ಞಾನ ಏನಲ್ಲ. ಯಾರು ಕೊಂಡರು, ಏನು ಕೊಂಡರು, ಯಾವಾಗ ಕೊಂಡರು, ಅವರನ್ನು ಹೇಗೆ ಸಂಪರ್ಕಿಸಬಹುದು. ಈ ನಾಲ್ಕು ನಿಮ್ಮ ಕೈಯಲ್ಲಿ, ಯಾವ ಆ್ಯಪ್ ನಿಂತುಹೋದರೂ ಓದಲು ಸಿಗುವ ಜಾಗದಲ್ಲಿ ಇರಬೇಕು. ನೋಟ್‌ಬುಕ್ ಆದರೂ ಸರಿ, ಎಕ್ಸೆಲ್ ಆದರೂ ಸರಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಿಕೊಂಡರೂ ವಾರಕ್ಕೊಮ್ಮೆ ಆ ನಂಬರ್‌ಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ.

ಇಂಟರ್‌ನೆಟ್ ಬರುವ ಎಷ್ಟೋ ದಶಕ ಮೊದಲೇ ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿ ಮಾರುತ್ತಿದ್ದ ಕಂಪನಿಗಳು ಒಂದು ಉಪಾಯ ಕಂಡುಕೊಂಡಿದ್ದವು. ಒಂದೊಂದು ಕ್ಯಾಟಲಾಗ್‌ಗೂ ಅಚ್ಚಿನ ಖರ್ಚು, ಅಂಚೆ ಖರ್ಚು. ಎಲ್ಲರಿಗೂ ಕಳಿಸಿದರೆ ಮುಳುಗಿ ಹೋಗುತ್ತಿದ್ದರು. ಹಾಗಾಗಿ ಒಬ್ಬೊಬ್ಬರ ಬಗ್ಗೆಯೂ ಮೂರು ವಿಷಯ ನೋಡುತ್ತಿದ್ದರು: ಕೊನೆಯ ಸಲ ಯಾವಾಗ ಕೊಂಡರು, ಒಟ್ಟು ಎಷ್ಟು ಸಲ ಕೊಂಡರು, ಎಷ್ಟು ಮೊತ್ತಕ್ಕೆ ಕೊಂಡರು. ಮೂರರಲ್ಲಿ ಮೊದಲನೆಯದೇ ಮುಖ್ಯ. ಇತ್ತೀಚೆಗೆ ಕೊಂಡವರು ಮತ್ತೆ ಕೊಳ್ಳುವ ಸಾಧ್ಯತೆ ಜಾಸ್ತಿ. ತುಂಬಾ ದೊಡ್ಡ ಮೊತ್ತಕ್ಕೆ ಕೊಂಡು ಎರಡು ವರ್ಷ ಸುದ್ದಿಯೇ ಇಲ್ಲದವರಿಗಿಂತ ಹೋದ ತಿಂಗಳು ಚಿಕ್ಕದೊಂದು ಕೊಂಡವರನ್ನು ನೆನಪಿಟ್ಟುಕೊಳ್ಳುವುದು ಲಾಭ.

ಇದನ್ನು ನೀವು ಹೀಗೆ ಬಳಸಬಹುದು. ಪ್ರತಿ ಗಿರಾಕಿಗೂ ಒಂದು ಲಯ ಇರುತ್ತದೆ. ಒಬ್ಬರು ತಿಂಗಳಿಗೊಮ್ಮೆ ಬರುತ್ತಾರೆ, ಇನ್ನೊಬ್ಬರು ವರ್ಷಕ್ಕೆರಡು ಸಲ. ತಿಂಗಳಿಗೊಮ್ಮೆ ಬರುವವರು ಒಂದೂವರೆ ತಿಂಗಳಾದರೂ ಕಾಣಲಿಲ್ಲವೆಂದರೆ ಆಗಲೇ ಒಂದು ಸಂದೇಶ ಕಳಿಸಿ, ಅಥವಾ ಫೋನ್ ಮಾಡಿ. ಆಫರ್ ಏನೂ ಬೇಡ. "ಹೋದ ಸಲ ತಗೊಂಡದ್ದು ಹೇಗಿದೆ, ಏನಾದರೂ ತೊಂದರೆ ಆಯಿತಾ" ಎಂದಷ್ಟೇ ಕೇಳಿ. ಬಿಟ್ಟುಹೋಗುವವರಲ್ಲಿ ತುಂಬಾ ಜನ ಜಗಳವಾಡಿ ಹೋಗುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ. ಆರು ತಿಂಗಳ ನಂತರ ಕೇಳಿದರೆ ಅವರಿಗೆ ಬೇರೆ ಜಾಗ ರೂಢಿಯಾಗಿರುತ್ತದೆ.

ಒಪ್ಪಿಗೆ ಇಲ್ಲದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಂದು ಜಾರಿಯಾದಾಗಿನಿಂದ ಬೇರೆ ಬೇರೆ ದೇಶಗಳೂ ಈ ದಾರಿ ಹಿಡಿದಿವೆ. ಕಾನೂನಿನ ಮಾತು ಬಿಡಿ, ದಿನಕ್ಕೊಂದು ಸಂದೇಶ ಕಳಿಸುವವರನ್ನು ನೀವೇ ಬ್ಲಾಕ್ ಮಾಡುತ್ತೀರಿ ಅಲ್ವಾ? ಗಿರಾಕಿಯೂ ಹಾಗೆಯೇ. ಹೇಳಲು ನಿಜಕ್ಕೂ ಏನಾದರೂ ಇದ್ದಾಗ ಮಾತ್ರ ಹೇಳಿ, ಬೇಡ ಅಂದವರ ಹೆಸರು ಅವತ್ತೇ ತೆಗೆಯಿರಿ.

ರಿವ್ಯೂ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾರ್ವರ್ಡ್‌ನ ಮೈಕೆಲ್ ಲೂಕಾ 2011ರಲ್ಲಿ, ಜನ ಅಂಗಡಿ ಹೋಟೆಲ್‌ಗಳ ರಿವ್ಯೂ ಬರೆಯುವ ಯೆಲ್ಪ್ ತಾಣದ ರೇಟಿಂಗ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ಊಟದ ಹೋಟೆಲ್‌ಗಳ ವ್ಯಾಪಾರವನ್ನು. ರೇಟಿಂಗ್ ಒಂದು ಸ್ಟಾರ್ ಏರಿದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತಿತ್ತು. ಈ ಪರಿಣಾಮ ಕಂಡದ್ದು ಒಂಟಿ ವ್ಯಾಪಾರಗಳಲ್ಲಿ ಮಾತ್ರ, ದೊಡ್ಡ ಸರಣಿ ಮಳಿಗೆಗಳ ಮೇಲೆ ಇಲ್ಲ. ಕಾರಣ ಸರಳ. ದೊಡ್ಡವರ ಹೆಸರು ಜನರಿಗೆ ಮೊದಲೇ ಗೊತ್ತು, ನಿಮ್ಮದು ಗೊತ್ತಿಲ್ಲ. ಹಾಗಾಗಿ ಖುಷಿಯಾಗಿ ಹೋದ ಗಿರಾಕಿಯನ್ನು ಒಂದೆರಡು ದಿನದಲ್ಲೇ ರಿವ್ಯೂ ಕೇಳಿ, ಕೊಂಡಿಯನ್ನೂ ಕಳಿಸಿ. ಕೆಟ್ಟ ರಿವ್ಯೂ ಬಂದರೆ ವಾದ ಬೇಡ, ಏನಾಯಿತು, ಏನು ಸರಿಮಾಡಿದಿರಿ ಎಂದು ಎರಡು ಸಾಲಿನಲ್ಲಿ ಬರೆಯಿರಿ. ಅದನ್ನು ಓದುವುದು ದೂರಿದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವವರು. ಸುಳ್ಳು ರಿವ್ಯೂ ಕೊಳ್ಳಲೇಬೇಡಿ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಅದನ್ನು ನಿಷೇಧಿಸುವ ಪ್ರತ್ಯೇಕ ನಿಯಮವೇ ಇದೆ.

ಲಾಭ ಪುಸ್ತಕದಲ್ಲಿ, ಗಲ್ಲಾ ಖಾಲಿ

ಇಷ್ಟೆಲ್ಲ ಸರಿಯಾಗಿ ಮಾಡಿ, ವ್ಯಾಪಾರ ಚೆನ್ನಾಗಿ ಬೆಳೆಯುತ್ತಿರುವಾಗಲೇ ಮುಚ್ಚಿಹೋಗುವ ವ್ಯಾಪಾರಗಳಿವೆ. ಇದು ನನ್ನನ್ನು ತುಂಬಾ ಕಾಡುವ ವಿಷಯ, ಯಾಕೆಂದರೆ ಇಲ್ಲಿ ಮಾಲೀಕರ ಶ್ರಮದಲ್ಲಿ ಕೊರತೆ ಇರುವುದಿಲ್ಲ. ಅಮೆರಿಕ ಸರ್ಕಾರದ ಅಂಕಿ ಅಂಶಗಳ ಪ್ರಕಾರ ಹೊಸ ವ್ಯಾಪಾರಗಳಲ್ಲಿ ಐದರಲ್ಲಿ ಒಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಐದು ವರ್ಷ ಆಗುವಷ್ಟರಲ್ಲಿ ಸುಮಾರು ಅರ್ಧ. ಜೆಪಿ ಮಾರ್ಗನ್ ಚೇಸ್ ಸಂಸ್ಥೆ 2016ರಲ್ಲಿ ಅಲ್ಲಿನ ಸುಮಾರು 5,97,000 ಸಣ್ಣ ವ್ಯಾಪಾರಗಳ ಬ್ಯಾಂಕ್ ಖಾತೆಗಳನ್ನು ನೋಡಿತ್ತು. ನಾಳೆಯಿಂದ ಒಂದು ಕಾಸೂ ಬರದಿದ್ದರೆ ಎಷ್ಟು ದಿನ ಖರ್ಚು ನಡೆಸಬಹುದು? ಅರ್ಧದಷ್ಟು ವ್ಯಾಪಾರಗಳಿಗೆ ಅದು 27 ದಿನಕ್ಕಿಂತ ಕಡಿಮೆ. ನಿಮ್ಮದು ಎಷ್ಟು ದಿನ? ಇವತ್ತು ರಾತ್ರಿ ಐದು ನಿಮಿಷ ಕೂತು ಲೆಕ್ಕ ಹಾಕಿ. ಖಾತೆಯಲ್ಲಿರುವ ಹಣವನ್ನು ದಿನದ ಸರಾಸರಿ ಖರ್ಚಿನಿಂದ ಭಾಗಿಸಿದರೆ ಆಯಿತು.

ಬೆಳವಣಿಗೆ ಹೇಗೆ ಹಣ ತಿನ್ನುತ್ತದೆ ನೋಡಿ. ದಿನಕ್ಕೆ 100ರ ಅಸಲಿನ ಸರಕು ಮಾರುತ್ತೀರಿ. ಸರಕು ನಿಮ್ಮ ಹತ್ತಿರ ಸರಾಸರಿ 40 ದಿನ ಕೂರುತ್ತದೆ. ಮಾರಿದ ಮೇಲೆ ಹಣ ಬರಲು 30 ದಿನ, ಯಾಕೆಂದರೆ ಉದ್ರಿ ಕೊಟ್ಟಿದ್ದೀರಿ. ನಿಮಗೆ ಸರಕು ಕೊಟ್ಟವರು 20 ದಿನ ಕಾಯುತ್ತಾರೆ. ನಲವತ್ತಕ್ಕೆ ಮೂವತ್ತು ಕೂಡಿ ಇಪ್ಪತ್ತು ಕಳೆದರೆ 50 ದಿನ. ಅಷ್ಟು ದಿನ ನಿಮ್ಮ ಹಣ ಹೊರಗೆ ಸಿಕ್ಕಿಬಿದ್ದಿರುತ್ತದೆ, ಅಂದರೆ ಯಾವಾಗಲೂ 5,000. ಈಗ ವ್ಯಾಪಾರ ದುಪ್ಪಟ್ಟಾಯಿತು. ಸಂತೋಷ. ಆದರೆ ಸಿಕ್ಕಿಬೀಳುವ ಹಣ 10,000 ಆಗುತ್ತದೆ. ಹೆಚ್ಚುವರಿ 5,000 ಎಲ್ಲಿಂದ ತರುತ್ತೀರಿ? ವ್ಯಾಪಾರ ದುಪ್ಪಟ್ಟಾದ ಮೇಲೆ ಎಲ್ಲ ಖರ್ಚು ಕಳೆದು ದಿನಕ್ಕೆ 40 ಉಳಿದರೂ ಅಷ್ಟು ಕೂಡಲು 125 ದಿನ ಬೇಕು. ಆ ನಾಲ್ಕು ತಿಂಗಳು ಸಂಬಳ, ಬಾಡಿಗೆ, ತೆರಿಗೆ ಯಾರೂ ಕಾಯುವುದಿಲ್ಲ. ಆಗ ಶುರುವಾಗುವುದು ಜಾಸ್ತಿ ಬಡ್ಡಿಯ ಕೈಸಾಲ.

ಇದಕ್ಕೆ ಮದ್ದು ಆ ಮೂರು ಅಂಕಿಗಳಲ್ಲೇ ಇದೆ. ಸರಕು ಕೂರುವುದನ್ನು ನಲವತ್ತರಿಂದ ಮೂವತ್ತಕ್ಕೆ ಇಳಿಸಿ, ಬಾಕಿ ವಸೂಲಿಯನ್ನು ಮೂವತ್ತರಿಂದ ಇಪ್ಪತ್ತಕ್ಕೆ ತನ್ನಿ, ಸಿಕ್ಕಿಬಿದ್ದ ಹಣ 50 ದಿನದಿಂದ 30ಕ್ಕೆ ಇಳಿಯುತ್ತದೆ. ದಿನಕ್ಕೆ 100ರ ಮೊದಲಿನ ವ್ಯಾಪಾರದಲ್ಲೇ ಬ್ಯಾಂಕಿಗೆ ಹೋಗದೆ 2,000 ಕೈಗೆ ಬಂತು, ದುಪ್ಪಟ್ಟಾದ ವ್ಯಾಪಾರದಲ್ಲಿ 4,000. ಬಿಲ್ಲನ್ನು ಕೆಲಸ ಮುಗಿದ ದಿನವೇ ಕಳಿಸಿ, ತಿಂಗಳ ಕೊನೆಗೆ ಕಾಯಬೇಡಿ. ದಿನ ತುಂಬುವ ಮೂರು ದಿನ ಮೊದಲೇ ಒಂದು ನೆನಪಿನ ಸಂದೇಶ ಹಾಕಿ. ಬಾಕಿ ಕೇಳಲು ಸಂಕೋಚ ಪಡುವವರನ್ನು ನಾನು ತುಂಬಾ ನೋಡಿದ್ದೇನೆ, ಸಂಬಂಧ ಕೆಡುತ್ತದೆ ಎಂದು ಹೆದರುತ್ತಾರೆ. ಆದರೆ ಮೊದಲೇ ದಿನಾಂಕ ಬರೆದು ಒಪ್ಪಿಸಿದ್ದರೆ ಕೇಳುವುದು ಮಾಮೂಲು ಕೆಲಸ. ಬರೆಯದೇ ಬಿಟ್ಟಾಗಲೇ ಅದು ಮುಜುಗರವಾಗುವುದು.

ಮುಂದಿನ 13 ವಾರಗಳ ಹಣದ ಪಟ್ಟಿ ಮಾಡಿಟ್ಟುಕೊಳ್ಳಿ. ಕಷ್ಟಕ್ಕೆ ಸಿಕ್ಕ ದೊಡ್ಡ ಕಂಪನಿಗಳನ್ನು ಮೇಲೆತ್ತಲು ಬರುವವರು ಮೊದಲು ಮಾಡುವುದೂ ಇದನ್ನೇ. ಒಂದು ಹಾಳೆ, 13 ಅಂಕಣ. ಪ್ರತಿ ವಾರ ನಿಜಕ್ಕೂ ಕೈಗೆ ಬರುವ ಹಣ, ನಿಜಕ್ಕೂ ಕೈಬಿಡುವ ಹಣ, ವಾರದ ಕೊನೆಗೆ ಉಳಿಯುವುದು. ಒಂಬತ್ತನೇ ವಾರದಲ್ಲಿ ಕೊರತೆ ಬೀಳುತ್ತದೆ ಎಂದು ಇವತ್ತೇ ಕಂಡರೆ ಮಾಡಲು ಹತ್ತು ದಾರಿಗಳಿವೆ. ಆ ವಾರವೇ ಗೊತ್ತಾದರೆ ದಾರಿ ಒಂದೋ ಎರಡೋ. ನಿಮ್ಮ ಸಂಬಳವನ್ನೂ ಆ ಹಾಳೆಯಲ್ಲಿ ಬರೆಯಿರಿ. ಮನೆ ಖರ್ಚಿಗೆ ಗಲ್ಲಾದಿಂದ ಕೈಗೆ ಬಂದಷ್ಟು ತೆಗೆಯುವವರಿಗೆ ವ್ಯಾಪಾರ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಯಾವತ್ತೂ ತಿಳಿಯುವುದಿಲ್ಲ.

ಇದನ್ನೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಕೇಳುತ್ತೀರಿ, ಕೇಳಬೇಕಾದ್ದೇ. ಒಬ್ಬರೇ ಮಾರುವವರು, ಒಬ್ಬರೇ ಲೆಕ್ಕ ಬರೆಯುವವರು, ದೂರು ಕೇಳುವವರೂ ಅವರೇ. ಅದಕ್ಕೇ ನನ್ನ ಸಲಹೆ, ಮೊದಲ ತಿಂಗಳು ಹೊಸದೇನನ್ನೂ ಸೇರಿಸಬೇಡಿ, ಒಂದನ್ನು ಬಿಡಿ. ದಿನಕ್ಕೆ ಎರಡು ಪೋಸ್ಟ್ ಹಾಕುತ್ತಿದ್ದರೆ ವಾರಕ್ಕೆ ಎರಡು ಸಾಕು. ಹಾಗೆ ಉಳಿದ ಹೊತ್ತಿನಲ್ಲಿ ಕಳೆದ ಒಂದು ವರ್ಷದ ಬಿಲ್ ಪುಸ್ತಕ ತೆಗೆದು, ಎರಡನೇ ಸಲ ಬಂದವರ ಹೆಸರುಗಳನ್ನು ಒಂದು ಕಡೆ, ಒಂದೇ ಸಲ ಬಂದು ಹೋದವರ ಹೆಸರುಗಳನ್ನು ಇನ್ನೊಂದು ಕಡೆ ಬರೆಯಿರಿ. ಎರಡನೇ ಪಟ್ಟಿಯಲ್ಲಿ ಇತ್ತೀಚೆಗೆ ಬಂದ ಹತ್ತು ಜನರಿಗೆ ಈ ವಾರ ಫೋನ್ ಮಾಡಿ.